ಒಂದೇ ಅಣುವಿನ ದಪ್ಪದ ಹೊದಿಕೆ

ಎಣ್ಣೆಯ ತೊಟ್ಟೊಂದು ನೀರಿನ ಮೇಲೆ ಬಿದ್ದರೆ ಅದು ತಾನಾಗಿಯೇ ಹರಡಿಕೊಳ್ಳುವುದೆಂಬ ಸಂಗತಿಯು ನಮ್ಮ ಹಿರಿಯರಿಗೆ ಚೆನ್ನಾಗಿ ತಿಳಿದಿದ್ದಿತು. ದುರ್ಜನನ ಕಿವಿಗೆ ಬಿದ್ದ ಗುಟ್ಟಿಗೂ, ಸತ್ಪಾತ್ರನಿಗೆ ಕೊಟ್ಟ ದಾನಕ್ಕೂ, ಪ್ರಾಜ್ಞನಿಗೆ ಹೇಳಿದ ಶಾಸ್ತ್ರಕ್ಕೂ ನೀರಿಗೆ ಬಿದ್ದ ತೈಲವನ್ನು ಉಪಮಾನವಾಗಿ ತಂದ ನೀತಿಕಾರರು ಅದನ್ನು ಕಣ್ಣಾರೆ ಕಂಡೇ ಹೇಳಿರಬೇಕು. ಆದರೆ ಆ ಎಣ್ಣೆಯು ಎಷ್ಟು ದೂರ ಹರಡುವುದು, ಎಲ್ಲಿ ನಿಲ್ಲುವುದು, ಅಲ್ಲಿಯೇ ಏಕೆ ನಿಲ್ಲಬೇಕು ಎಂಬ ಪ್ರಶ್ನೆಯು ಉಪಮಾನದಿಂದ ತೀರತಕ್ಕದ್ದಲ್ಲ. ಅದನ್ನು ಅಳೆದೇ ನೋಡಬೇಕು. ಅಳೆದವರಿಗೆ ದೊರೆತ ಉತ್ತರವು ಇಷ್ಟು: ನಾವು ಅಡಿಗೆಗೆ ಬಳಸುವಂತಹ ಎಣ್ಣೆಯು ಒಂದೇ ಒಂದು ಅಣುವಿನಷ್ಟು ದಪ್ಪವಾಗುವವರೆಗೂ ಹರಡಬಲ್ಲದು, ಅದಕ್ಕಿಂತ ತೆಳ್ಳಗಾಗಿ ಒಡೆಯದೆ ಇರಲಾರದು.

ಇಂದು ಇಂತಹ ಏಕಾಣುಪದರವನ್ನು ನೀರಿನ ಮೇಲೆ ಮಾತ್ರವಲ್ಲದೆ ಗಾಜು, ಚಿನ್ನ, ಸಿಲಿಕಾನ್ ಮೊದಲಾದ ಘನಪದಾರ್ಥಗಳ ಮೇಲೆಯೂ ಹೊದಿಸಿ ಅದರ ದಪ್ಪವನ್ನು ಅಳೆಯುತ್ತಾರೆ. ಕಣ್ಣಿಗೆ ಕಾಣದ, ಕೈಗೆ ಸಿಗದ ಒಂದು ಹೊದಿಕೆಯು ಅಲ್ಲಿ ಇದೆಯೆಂದು ಹೇಳುವವನು ಅದನ್ನು ತೋರಿಸಿಕೊಡಬೇಕಲ್ಲವೆ? ಇಲ್ಲವಾದರೆ ಅರಸನ ದಿವ್ಯವಸ್ತ್ರದ ಕಥೆಗೂ ಇದಕ್ಕೂ ಭೇದವೇನು? ಹೊದಿಸುವ ವಿದ್ಯೆಗಿಂತಲೂ ಹೊದಿಸಿದ್ದನ್ನು ಪ್ರಮಾಣೀಕರಿಸುವ ವಿದ್ಯೆಯೇ ಇಲ್ಲಿ ಹೆಚ್ಚಿನದೆಂದು ನನಗೆ ತೋರುತ್ತದೆ.

ಪ್ರಾರಂಭವು ಅಡಿಗೆಯವರಿಂದಲೇ ಆಯಿತು. ೧೭೫೭ರಲ್ಲಿ ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ನರು ಹಡಗಿನಲ್ಲಿ ಪ್ರಯಾಣಮಾಡುತ್ತಿದ್ದಾಗ, ಜೊತೆಯಲ್ಲಿ ಸಾಗುತ್ತಿದ್ದ ಎರಡು ಹಡಗುಗಳ ಹಿಂದೆ ಮಾತ್ರ ನೀರು ನುಣ್ಣಗಿರುವುದನ್ನು ಕಂಡು ಕಾರಣವನ್ನು ವಿಚಾರಿಸಿದರು. ಅಡಿಗೆಯವರು ಜಿಡ್ಡುನೀರನ್ನು ಹೊರಗೆ ಚೆಲ್ಲಿರಬೇಕೆಂದು ನಾವಿಕನು ಉದಾಸೀನದಿಂದ ಉತ್ತರಕೊಟ್ಟನು. ಆ ಉದಾಸೀನದ ಉತ್ತರವನ್ನು ಫ್ರಾಂಕ್ಲಿನ್ನರು ಮರೆಯಲಿಲ್ಲ. ಮುಂದೆ ಲಂಡನ್ನಿನ ಕ್ಲ್ಯಾಪ್‌ಹ್ಯಾಮ್ ಬಯಲಿನ ಕೊಳವೊಂದರಲ್ಲಿ ಗಾಳಿಗೆ ಅಲೆಯೆದ್ದಿದ್ದ ಹೊತ್ತಿನಲ್ಲಿ ಸ್ವಲ್ಪ ಎಣ್ಣೆಯನ್ನು ಸುರಿದರು. ಮೊದಲು ಅಲೆಗಳು ದೊಡ್ಡದಾಗಿದ್ದ ದಡದಲ್ಲಿ ಸುರಿದುದರಿಂದ ಗಾಳಿಯು ಎಣ್ಣೆಯನ್ನು ಮರಳಿ ದಡಕ್ಕೇ ನೂಕಿತು. ಅನಂತರ ಗಾಳಿ ಬೀಸುವ ಕಡೆಯ ದಡಕ್ಕೆ ಹೋಗಿ ಸುರಿಯಲು, ಒಂದು ಚಹದ ಚಮಚಕ್ಕೆ ಮೀರದ ಆ ಎಣ್ಣೆಯು ಹರಡುತ್ತ ಹರಡುತ್ತ ಸುಮಾರು ಅರ್ಧ ಎಕರೆಯಷ್ಟು ನೀರನ್ನು ಕನ್ನಡಿಯಂತೆ ನುಣ್ಣಗೆ ಮಾಡಿತು. ಈ ವೃತ್ತಾಂತವು ೧೭೭೪ರಲ್ಲಿ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಅಚ್ಚಾಯಿತು. ತಾವು ಕೈಯಲ್ಲಿ ಹಿಡಿಯುವ ಬಿದಿರುಕೋಲಿನ ಟೊಳ್ಳಿನಲ್ಲಿ ಎಣ್ಣೆಯನ್ನು ತುಂಬಿಕೊಂಡು ಅವರು ಊರೂರಿನ ಕೆರೆಕೊಳಗಳಲ್ಲಿ ಇದನ್ನು ಪರೀಕ್ಷಿಸುತ್ತಿದ್ದರಂತೆ.

ಇಲ್ಲಿ ಓದುಗರು ಒಂದು ಸಣ್ಣ ಲೆಕ್ಕವನ್ನು ಮಾಡಿ ನೋಡಬಹುದು. ಚಮಚದಲ್ಲಿ ಎರಡು ಘನ ಸೆಂಟಿಮೀಟರ್ ಎಣ್ಣೆ ಹಿಡಿಯಿತೆನ್ನಿ. ಅರ್ಧ ಎಕರೆಯೆಂದರೆ ಸುಮಾರು ೨೦೦೦ ಚದರ ಮೀಟರ್. ಎಣ್ಣೆಯ ಗಾತ್ರವನ್ನು ಹರಹಿನಿಂದ ಭಾಗಿಸಿದರೆ ಪದರದ ದಪ್ಪವು ಒಂದು ನ್ಯಾನೋಮೀಟರ್, ಎಂದರೆ ಒಂದು ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಪಾಲು ಬರುತ್ತದೆ. ಮೂರನೆಯ ತರಗತಿಯ ಬಾಲಕನೂ ಮಾಡಬಹುದಾದ ಈ ಭಾಗಾಹಾರವನ್ನು ಫ್ರಾಂಕ್ಲಿನ್ನರು ಮಾಡಲಿಲ್ಲ. ಮಾಡಿದ್ದರೆ ಅಣುವಿನ ಗಾತ್ರದ ಮೊದಲ ಅಂದಾಜು ಅವರ ಹೆಸರಿನಲ್ಲಿರುತ್ತಿದ್ದಿತು.

ಆ ಕೆಲಸವು ನೂರಕ್ಕೂ ಮಿಕ್ಕಿ ವರ್ಷಗಳು ಕಾದು ೧೮೯೦ರಲ್ಲಿ ರ್‍ಯಾಲೆ ಪ್ರಭುಗಳ ಕೈಯಿಂದ ನಡೆಯಿತು. ಅವರ ಸಾಧನವು ನಮ್ಮ ದೇವರ ಮನೆಯ ವಸ್ತುವೇ ಆದ ಕರ್ಪೂರ. ಶುದ್ಧವಾದ ನೀರಿನ ಮೇಲೆ ಕರ್ಪೂರದ ಚೂರನ್ನು ಬಿಟ್ಟರೆ ಅದು ಜೀವಬಂದಂತೆ ಕುಣಿದಾಡುವುದು. ನೀರಿನ ಮೇಲೆ ಎಣ್ಣೆಯ ಲೇಶವು ಸಾಕಷ್ಟು ಸೇರಿದೊಡನೆ ಆ ಕುಣಿತವು ನಿಂತುಹೋಗುವುದು. ಮನೆಯ ಮಕ್ಕಳಿಗೆ ಇದನ್ನು ತೋರಿಸುವುದು ಸುಲಭ: ಹರಿವಾಣವನ್ನು ಜಿಡ್ಡು ಹೋಗುವಂತೆ ಚೆನ್ನಾಗಿ ಬೆಳಗಿ, ಹಲವು ಸಲ ತೊಳೆದು, ನೀರು ತುಂಬಿ ಕರ್ಪೂರದ ಪುಡಿಯನ್ನು ಉದುರಿಸಬೇಕು. ಎಣ್ಣೆ ಹಚ್ಚಿದ ತಲೆಯನ್ನು ಮುಟ್ಟಿದ ಬೆರಳನ್ನು ಅದ್ದಿದರೆ ಸಾಕು, ನಾಟ್ಯ ಮುಗಿಯುತ್ತದೆ. ರ್‍ಯಾಲೆ ಪ್ರಭುಗಳು ೮೪ ಸೆಂಟಿಮೀಟರ್ ಅಡ್ಡಳತೆಯ ದೊಡ್ಡ ತೊಟ್ಟಿಯಲ್ಲಿ ನೀರು ತುಂಬಿ, ಕುಣಿತವನ್ನು ನಿಲ್ಲಿಸುವುದಕ್ಕೆ ೦.೮೧ ಮಿಲಿಗ್ರಾಂ ಆಲಿವ್ ಎಣ್ಣೆ ಬೇಕೆಂದು ತೂಗಿ ಕಂಡರು. ಅದರಿಂದ ಪದರದ ದಪ್ಪವು ಸುಮಾರು ೧.೬ ನ್ಯಾನೋಮೀಟರ್ ಎಂದಾಯಿತು.

ಇನ್ನು ಹೇಳತಕ್ಕದ್ದು ಈ ಶಾಸ್ತ್ರದಲ್ಲಿ ನನಗೆ ಎಲ್ಲಕ್ಕಿಂತ ಮೆಚ್ಚಾದ ಭಾಗ. ಜರ್ಮನಿಯ ಬ್ರೌನ್‌ಷ್ವೈಗ್ ನಗರದಲ್ಲಿ ಆಗ್ನೆಸ್ ಪೊಕೆಲ್ಸ್ ಎಂಬ ಕನ್ಯೆಯಿದ್ದರು. ೧೮೬೨ರಲ್ಲಿ ಜನನ. ತಂದೆಯು ಸೈನ್ಯದಲ್ಲಿದ್ದು ಮಲೇರಿಯಾ ಜ್ವರದಿಂದ ಆರೋಗ್ಯ ಕೆಟ್ಟು ನಿವೃತ್ತರಾದವರು. ಆ ಕಾಲದಲ್ಲಿ ಅಲ್ಲಿನ ವಿಶ್ವವಿದ್ಯಾಲಯಗಳು ಸ್ತ್ರೀಯರನ್ನು ಸೇರಿಸಿಕೊಳ್ಳುತ್ತಿರಲಿಲ್ಲ. ಸೇರಿಸಿಕೊಳ್ಳುವ ಕಾಲ ಬಂದಾಗ ಮನೆಯಲ್ಲಿ ತಂದೆತಾಯಿಗಳ ಶುಶ್ರೂಷೆಗೆ ಬೇರೆ ಗತಿಯಿರಲಿಲ್ಲ. ಬಾಲಕಿಯರ ಶಾಲೆಯ ವಿದ್ಯೆಯನ್ನು ಮುಗಿಸಿ ಆಕೆ ಮನೆವಾರ್ತೆಗೆ ನಿಂತರು. ತಮ್ಮನಾದ ಫ್ರೀಡ್ರಿಕ್ ಮಾತ್ರ ಭೌತಶಾಸ್ತ್ರವನ್ನು ಓದಿ ವಿದ್ವಾಂಸನಾದನು; ಅವನ ಮೂಲಕ ಅಕ್ಕನಿಗೆ ಪುಸ್ತಕಗಳು ದೊರೆತವು.

ಪಾತ್ರೆ ತೊಳೆಯುವ ನೀರನ್ನು ದಿನವೂ ನೋಡುವವರು ಕೋಟ್ಯಂತರ ಮಂದಿ. ಆ ನೀರಿನ ಮೇಲ್ಮೈಯು ಜಿಡ್ಡಿನಿಂದ ಹೇಗೆ ಬದಲಾಗುವುದೆಂದು ಆಕೆ ಹದಿನೆಂಟು ಇಪ್ಪತ್ತರ ವಯಸ್ಸಿನಿಂದಲೇ ಪರೀಕ್ಷಿಸತೊಡಗಿದರು. ಉದ್ದ ೭೦ ಸೆಂಟಿಮೀಟರ್, ಅಗಲ ೫, ಆಳ ೨ ಇರುವ ಒಂದು ತಗಡಿನ ತೊಟ್ಟಿ; ಅದನ್ನು ಅಂಚಿನವರೆಗೆ ತುಂಬಿದ ನೀರು; ಅಡ್ಡಲಾಗಿ ಇಟ್ಟ ಒಂದು ತಗಡಿನ ಪಟ್ಟಿ. ಈ ಪಟ್ಟಿಯನ್ನು ಹಿಂದಕ್ಕೂ ಮುಂದಕ್ಕೂ ಸರಿಸಿದರೆ ನೀರಿನ ಮೇಲಿನ ಪದರಕ್ಕೆ ಇರುವ ಜಾಗವು ಹಿಗ್ಗುವುದು, ಕುಗ್ಗುವುದು. ನೀರಿನ ಮೇಲ್ಮೈಯ ಬಿಗಿತವನ್ನು ಅಳೆಯಲು ಗುಂಡಿಯಷ್ಟು ಸಣ್ಣ ಬಿಲ್ಲೆಯೊಂದನ್ನು ಅದಕ್ಕೆ ಮುಟ್ಟಿಸಿ, ಕಿತ್ತೆತ್ತಲು ಎಷ್ಟು ಭಾರ ಬೇಕೆಂದು ತಕ್ಕಡಿಯಿಂದ ತೂಗಿದರು. ಇಷ್ಟೇ ಉಪಕರಣ. ಮೇಲ್ಮೈಯನ್ನು ಶುದ್ಧಿಮಾಡುವುದಕ್ಕೂ ಅದೇ ಪಟ್ಟಿಯಿಂದ ಕೊಳೆಯನ್ನು ಒಂದು ಬದಿಗೆ ಗುಡಿಸುವ ಉಪಾಯವನ್ನು ಕಂಡುಕೊಂಡರು. ನೆಲ ಗುಡಿಸಿ ಬಲ್ಲವರಿಗೆ ಮಾತ್ರ ಹೊಳೆಯಬಹುದಾದ ಉಪಾಯವೆಂದರೆ ತಪ್ಪಾಗದು.

ಆಕೆ ಕಂಡ ಮುಖ್ಯ ಸಂಗತಿಯಿದು. ಜಾಗವು ವಿಶಾಲವಾಗಿರುವಾಗ ಜಿಡ್ಡಿದ್ದರೂ ನೀರಿನ ಬಿಗಿತವು ಶುದ್ಧಜಲದ ಬಿಗಿತದಷ್ಟೇ ಇರುವುದು. ಪಟ್ಟಿಯನ್ನು ಸರಿಸುತ್ತ ಬಂದರೆ ಒಂದು ಗೊತ್ತಾದ ಗಡಿಯವರೆಗೂ ಏನೂ ಆಗದು. ಆ ಗಡಿಯನ್ನು ದಾಟಿದೊಡನೆ ಬಿಗಿತವು ಥಟ್ಟನೆ ಇಳಿಯತೊಡಗುವುದು. ಜಾತ್ರೆಯ ಬಯಲಿನಲ್ಲಿ ಜನರು ದೂರ ದೂರ ನಿಂತಿರುವಾಗ ಯಾರಿಗೂ ಯಾರ ತಳ್ಳಾಟವೂ ಇಲ್ಲ. ಭುಜಕ್ಕೆ ಭುಜ ತಾಕಿದ ಮೇಲೆಯೇ ತಳ್ಳಾಟ ಆರಂಭ. ಆ ಗಡಿಯಲ್ಲಿ ಜಿಡ್ಡಿನ ಅಣುಗಳು ಭುಜಕ್ಕೆ ಭುಜ ತಾಗಿ ನಿಂತಿರುತ್ತವೆಂದು ಮುಂದೆ ತಿಳಿದುಬಂದಿತು.

೧೮೯೧ರ ಜನವರಿಯಲ್ಲಿ ಆಕೆ ರ್‍ಯಾಲೆ ಪ್ರಭುಗಳಿಗೆ ತಮ್ಮ ಪರೀಕ್ಷೆಗಳನ್ನು ವಿವರಿಸಿ ಜರ್ಮನ್ ಭಾಷೆಯಲ್ಲಿ ಒಂದು ಕಾಗದ ಬರೆದರು. ಶಾಸ್ತ್ರಪತ್ರಿಕೆಗಳಲ್ಲಿ ಪ್ರಕಟಿಸುವ ಅನುಕೂಲವು ತಮಗಿಲ್ಲವಾದ್ದರಿಂದ ಹೀಗೆ ತಿಳಿಸುತ್ತಿರುವುದಾಗಿ ಹೇಳಿಕೊಂಡಿದ್ದರು. ಗುರುತು ಪರಿಚಯವಿಲ್ಲದ ಹೆಂಗಸಿನ ಕಾಗದ. ಅದರಲ್ಲಿದ್ದ ಒಂದು ಭಾಗವು ತಾವೇ ಆಗ ಮಾಡುತ್ತಿದ್ದ ಕೆಲಸಕ್ಕೆ ಬಹು ಸಮೀಪವಾದದ್ದು. ಅದನ್ನು ಬೀರುವಿನಲ್ಲಿಟ್ಟು ಸುಮ್ಮನಾಗಿದ್ದರೆ ಲೋಕಕ್ಕೆ ಗೊತ್ತಾಗುತ್ತಿರಲಿಲ್ಲ. ಆ ಪ್ರಭುಗಳು ಕಾಗದದ ಇಂಗ್ಲಿಷ್ ಅನುವಾದವನ್ನು, ಸಾಮಾನ್ಯ ಗೃಹೋಪಕರಣಗಳಿಂದಲೇ ಬೆಲೆಯುಳ್ಳ ಫಲಗಳನ್ನು ಸಾಧಿಸಿದ್ದಾರೆಂಬ ಶಿಫಾರಸಿನೊಡನೆ ‘ನೇಚರ್’ ಪತ್ರಿಕೆಗೆ ಕಳುಹಿಸಿದರು; ಆ ವರ್ಷದ ಮಾರ್ಚಿಯಲ್ಲಿ ಅದು ಆಕೆಯ ಹೆಸರಿನಿಂದಲೇ ಅಚ್ಚಾಯಿತು. ಆಕೆಗೆ ಎಪ್ಪತ್ತು ವರ್ಷವಾದಾಗ, ೧೯೩೨ರಲ್ಲಿ, ಬ್ರೌನ್‌ಷ್ವೈಗಿನ ತಾಂತ್ರಿಕ ವಿದ್ಯಾಲಯವು ಗೌರವ ಡಾಕ್ಟರ್ ಪದವಿಯನ್ನು ಕೊಟ್ಟಿತು. ೧೯೩೫ರಲ್ಲಿ ತೀರಿಕೊಂಡರು.

ಅದೇ ೧೯೩೨ರಲ್ಲಿ ಮೇಲ್ಮೈಗಳ ರಸಾಯನಶಾಸ್ತ್ರಕ್ಕಾಗಿ ನೊಬೆಲ್ ಬಹುಮಾನವನ್ನು ಪಡೆದವರು ಅಮೆರಿಕದ ಅರ್ವಿಂಗ್ ಲ್ಯಾಂಗ್‌ಮ್ಯೂರ್. ಅವರು ಪೊಕೆಲ್ಸರ ತೊಟ್ಟಿಯನ್ನೇ ಸುಧಾರಿಸಿ, ೧೯೧೭ರಲ್ಲಿ ಅಣುಗಳ ನಿಲುವನ್ನು ನಿರ್ಣಯಿಸಿದರು. ಕೊಬ್ಬಿನ ಆಮ್ಲದ ಅಣುವಿಗೆ ಒಂದು ತಲೆ, ಒಂದು ಉದ್ದವಾದ ಬಾಲ. ತಲೆಯು ನೀರನ್ನು ಬಯಸುವುದು. ಇಂಗಾಲ ಜಲಜನಕಗಳ ಸರಪಣಿಯಾದ ಬಾಲವು ನೀರನ್ನು ಒಲ್ಲದು. ಬಾಲದ ಉದ್ದವು ಹೆಚ್ಚು ಕಡಮೆಯಾದ ಬೇರೆ ಬೇರೆ ಆಮ್ಲಗಳನ್ನು ನೀರಿನ ಮೇಲೆ ಹರಡಿ ಅಳೆದಾಗ, ಒಂದೊಂದು ಅಣುವಿಗೆ ಬೇಕಾದ ಜಾಗವು ಮಾತ್ರ ಒಂದೇ ಆಗಿದ್ದಿತು: ಸುಮಾರು ಒಂದು ಚದರ ನ್ಯಾನೋಮೀಟರಿನ ಐದನೆಯ ಒಂದು ಪಾಲು. ಅಣುಗಳು ಮಲಗಿದ್ದರೆ ಉದ್ದನೆಯದಕ್ಕೆ ಹೆಚ್ಚು ಜಾಗ ಬೇಕಾಗುತ್ತಿದ್ದಿತು. ಬೇಕಾಗಲಿಲ್ಲ, ಆದುದರಿಂದ ಅವು ನಿಂತಿವೆ. ತರ್ಕವಿದ್ಯೆಯನ್ನು ಓದಿದವರು ಇದರಲ್ಲಿ ವ್ಯತಿರೇಕ ದೃಷ್ಟಾಂತದ ಸೊಗಸನ್ನು ಕಾಣಬಹುದು. ತಲೆಯಿಲ್ಲದ ಬರಿಯ ಬಾಲದಂತಿರುವ ಶುದ್ಧ ಪ್ಯಾರಫಿನ್ ಎಣ್ಣೆಯು ನೀರಿನ ಮೇಲೆ ಹೀಗೆ ಹರಡದೆ ಗುಂಡಗೆ ನಿಲ್ಲುವುದಕ್ಕೂ ಕಾರಣವು ಇದರಿಂದಲೇ ತಿಳಿಯುತ್ತದೆ.

ನೀರಿನಿಂದ ಘನಪದಾರ್ಥಕ್ಕೆ ಈ ಪದರವನ್ನು ದಾಟಿಸಿದವರು ಲ್ಯಾಂಗ್‌ಮ್ಯೂರರ ಸಹೋದ್ಯೋಗಿನಿಯಾದ ಕ್ಯಾಥರೀನ್ ಬ್ಲಾಜೆಟ್. ೧೯೨೬ರಲ್ಲಿ ಕೇಂಬ್ರಿಜಿನಿಂದ ಭೌತಶಾಸ್ತ್ರದಲ್ಲಿ ಡಾಕ್ಟರ್ ಪದವಿಯನ್ನು ಪಡೆದ ಮೊದಲ ಮಹಿಳೆ ಈಕೆಯೇ. ಪದರವಿರುವ ನೀರಿಗೆ ಗಾಜಿನ ಹಲಗೆಯನ್ನು ಮೆಲ್ಲನೆ ಅದ್ದಿ ಎತ್ತಿದರೆ ಒಂದೊಂದು ಸಲಕ್ಕೂ ಒಂದೊಂದು ಪದರವು ಅಂಟಿಕೊಂಡು ಬರುವುದೆಂದು ಆಕೆ ತೋರಿಸಿದರು. ಹೀಗೆ ೪೪ ಪದರಗಳನ್ನು ಕೂಡಿಸಿದಾಗ ಗಾಜಿನ ಪ್ರತಿಫಲನವು ಅಡಗಿ ಗಾಜೇ ಕಾಣದಂತಾಯಿತು. ೧೯೩೮ರಲ್ಲಿ ಪ್ರಕಟವಾದ ಆ ‘ಅದೃಶ್ಯ ಗಾಜು’ ಬಹಳ ಹೆಸರಾಯಿತು. ಪದರಗಳು ಬೆಳೆದಂತೆಲ್ಲ ಗಾಜಿನ ಮೇಲೆ ಬಣ್ಣಗಳು ಕ್ರಮವಾಗಿ ಬದಲಾಗುವುದರಿಂದ ಬಣ್ಣವನ್ನು ನೋಡಿಯೇ ದಪ್ಪವನ್ನು ಹೇಳುವ ಮಾಪಕವೊಂದನ್ನೂ ಆಕೆ ಮಾಡಿದರು. ಆದರೆ ಈ ಹೊದಿಕೆಗೆ ಒಂದು ದೌರ್ಬಲ್ಯವಿದ್ದಿತು. ಬಟ್ಟೆಯಿಂದ ಒರಸಿದರೆ ಹೋಗಿಬಿಡುತ್ತಿದ್ದಿತು.

ಒರಸಿದರೂ ಹೋಗದಂತೆ ಅಣುವಿನ ತಲೆಯೇ ಘನವಸ್ತುವನ್ನು ಕಚ್ಚಿ ಹಿಡಿಯಬೇಕು. ಅದ್ದುವ ಎತ್ತುವ ಕೌಶಲವಿಲ್ಲದೆ ಅಣುಗಳು ತಾವಾಗಿಯೇ ಸಾಲುಗಟ್ಟಬೇಕು. ೧೯೪೬ರಲ್ಲಿ ವಾಷಿಂಗ್ಟನ್ನಿನ ನೌಕಾದಳದ ಸಂಶೋಧನಾಲಯದಲ್ಲಿ ಬಿಗೆಲೊ, ಪಿಕೆಟ್, ಜಿಸ್‌ಮನ್ ಎಂಬ ಮೂವರು ಇದರ ದಾರಿಯನ್ನು ಕಂಡರು. ತೈಲದಲ್ಲಿ ಕರಗಿಸಿದ ಉದ್ದಬಾಲದ ಅಣುಗಳು ಶುದ್ಧವಾದ ಪ್ಲಾಟಿನಮ್ ತಗಡಿನ ಮೇಲೆ ತಾವೇ ನಿಂತುಕೊಂಡವು. ಎಣ್ಣೆಯಿಂದ ಹೊರತೆಗೆದ ತಗಡು ಎಣ್ಣೆಯಂಟದೆ ಒಣಗಿಯೇ ಬಂದಿತು! ೧೯೮೦ರಲ್ಲಿ ಇಸ್ರೇಲಿನ ಸಾಗಿವ್ ಅವರು ಗಾಜಿನ ಮೇಲೆ ಸಿಲೇನ್ ಎಂಬ ಸಿಲಿಕಾನಿನ ಸಂಯುಕ್ತದಿಂದ ಇದನ್ನು ಸಾಧಿಸಿದರು. ೧೯೮೩ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದ ನುಜ್ಜೊ ಮತ್ತು ಅಲಾರ ಎಂಬವರು ಚಿನ್ನವನ್ನು ಆರಿಸಿಕೊಂಡು ಗಂಧಕವುಳ್ಳ ಅಣುಗಳನ್ನು ಅದಕ್ಕೆ ಕಚ್ಚಿಸಿದರು. ಚಿನ್ನದ ಈ ಮಾರ್ಗವೇ ಇಂದು ಎಲ್ಲೆಡೆಯೂ ಕಲಿಸತಕ್ಕ ಮಾದರಿಯಾಗಿದೆ.

ವಿಧಾನವು ಉಪ್ಪಿನಕಾಯಿ ಹಾಕುವುದಕ್ಕಿಂತ ಕಷ್ಟವೇನೂ ಅಲ್ಲ. ಆದರೆ ಅದಕ್ಕಿಂತ ಹೆಚ್ಚಿನ ಮಡಿಯನ್ನು ಬಯಸುವುದು. ಗಾಜಿನ ಅಥವಾ ಸಿಲಿಕಾನಿನ ಬಿಲ್ಲೆಯ ಮೇಲೆ, ಮೊದಲು ಹಿಡಿತಕ್ಕಾಗಿ ಕ್ರೋಮಿಯಮ್ಮಿನ ಅಥವಾ ಟೈಟೇನಿಯಮ್ಮಿನ ತೆಳುಲೇಪವನ್ನೂ ಅದರ ಮೇಲೆ ಚಿನ್ನವನ್ನೂ ನಿರ್ವಾತದಲ್ಲಿ ಆವಿಮಾಡಿ ಕೂರಿಸುತ್ತಾರೆ. ತೊಳೆಯಲು ಗಂಧಕಾಮ್ಲಕ್ಕೆ ಹೈಡ್ರೋಜನ್ ಪೆರಾಕ್ಸೈಡನ್ನು ಬೆರಸಿದ ಉಗ್ರದ್ರವವನ್ನು ಬಳಸುವುದುಂಟು. ಸಿಕ್ಕಿದ್ದನ್ನೆಲ್ಲ ಕಚ್ಚಿ ತಿನ್ನುವ ದಕ್ಷಿಣ ಅಮೆರಿಕದ ಮೀನಿನ ನೆನಪಿಗಾಗಿ ಅದಕ್ಕೆ ‘ಪಿರಾನ’ ಎಂದೇ ಹೆಸರು. ಅನುಭವವಿಲ್ಲದವರು ಅದರ ಬಳಿಗೆ ಹೋಗತಕ್ಕದ್ದಲ್ಲ. ಬಳಿಕ ಹದಿನೆಂಟು ಇಂಗಾಲಗಳ ಬಾಲವೂ ಗಂಧಕದ ತಲೆಯೂ ಇರುವ ಥಯಾಲ್ ಎಂಬ ಪದಾರ್ಥವನ್ನು ಒಂದು ಲೀಟರ್ ಮದ್ಯಸಾರಕ್ಕೆ ಕಾಲು ಗ್ರಾಮಿಗಿಂತ ತುಸು ಹೆಚ್ಚಾಗಿ ಕರಗಿಸಿ, ಬಿಲ್ಲೆಯನ್ನು ಅದರಲ್ಲಿ ಮುಳುಗಿಸಿ, ರಾತ್ರಿ ಕಳೆದು ಬೆಳಗಾಗುವವರೆಗೆ ಬಿಡುತ್ತಾರೆ. ಮೊದಲ ಕೆಲವು ನಿಮಿಷಗಳಲ್ಲಿಯೇ ಹೆಚ್ಚುಪಾಲು ಜಾಗವು ತುಂಬಿಹೋಗುತ್ತದೆ. ಉಳಿದ ಗಂಟೆಗಳೆಲ್ಲ ಅಣುಗಳು ಸರಿದು, ತಿರುಗಿ, ಬಾಗಿದ ಬಾಲಗಳನ್ನು ನೆಟ್ಟಗೆ ಮಾಡಿಕೊಂಡು ಪಂಕ್ತಿಯಾಗುವುದಕ್ಕೆ ಬೇಕು.

ಪಂಕ್ತಿಯೇಕೆ ಆಗುತ್ತದೆ? ಗಂಧಕವು ಚಿನ್ನವನ್ನು ಗಟ್ಟಿಯಾಗಿ ಹಿಡಿಯುವುದು ಒಂದು ಕಾರಣ. ಬಾಲಗಳು ಒಂದನ್ನೊಂದು ಬದಿಯಿಂದ ಸೆಳೆಯುವುದು ಎರಡನೆಯದು. ಆ ಸೆಳೆತವು ದುರ್ಬಲವಾದರೂ ಹದಿನೆಂಟು ಕೊಂಡಿಗಳಲ್ಲಿ ಹದಿನೆಂಟು ಸಲ ಕೂಡಿ ಬಲವಾಗುತ್ತದೆ. ಚಿನ್ನದ ಪರಮಾಣುಗಳ ವಿನ್ಯಾಸಕ್ಕೆ ಹೊಂದಿಕೊಂಡು ಕೂರುವ ಗಂಧಕಗಳ ನಡುವಣ ಅಂತರವು ಅರ್ಧ ನ್ಯಾನೋಮೀಟರ್. ಇದು ಬಾಲದ ದಪ್ಪಕ್ಕಿಂತ ಸ್ವಲ್ಪ ಹೆಚ್ಚಾದುದರಿಂದ ಬಾಲಗಳು ಒಂದಕ್ಕೊಂದು ತಾಗುವಂತೆ ಸುಮಾರು ೩೦ ಅಂಶ ವಾಲಿಕೊಳ್ಳುತ್ತವೆ, ಗಾಳಿಗೆ ಒಂದೇ ಕಡೆಗೆ ಬಾಗಿದ ಭತ್ತದ ಪೈರಿನಂತೆ. ಒಂದು ಚದರ ಸೆಂಟಿಮೀಟರಿನಲ್ಲಿ ಸುಮಾರು ೪೬೦ ಲಕ್ಷ ಕೋಟಿ ಅಣುಗಳು. ಅಷ್ಟರ ಒಟ್ಟು ತೂಕವು ಒಂದು ಗ್ರಾಮಿನ ಹತ್ತು ಲಕ್ಷದಲ್ಲೊಂದು ಪಾಲಿನ ಐದನೆಯ ಒಂದು ಭಾಗ ಮಾತ್ರ.

ಬಿಲ್ಲೆಯನ್ನು ತೆಗೆದು ತೊಳೆದು ನೋಡಿದರೆ ಹಿಂದಿನಂತೆಯೇ ಹಳದಿಯಾಗಿ ಹೊಳೆಯುತ್ತದೆ. ಏನೂ ಬದಲಾದಂತಿಲ್ಲ. ಈಗ ಪ್ರಮಾಣಗಳ ಸರದಿ.

ಮೊದಲನೆಯದು ನೀರಿನ ಹನಿ. ಹೊದಿಕೆಯ ಮೇಲೆ ಒಂದು ಹನಿಯನ್ನಿಟ್ಟು, ಅದರ ಅಂಚು ಬಿಲ್ಲೆಯನ್ನು ಮುಟ್ಟುವ ಕೋನವನ್ನು ದುರ್ಬೀನಿನಿಂದ ಅಳೆಯುತ್ತಾರೆ. ಬಾಲದ ತುದಿಯು ಬರಿಯ ಜಲಜನಕ ಇಂಗಾಲಗಳದಾದರೆ ಕೋನವು ೧೧೦ ಅಂಶಕ್ಕೂ ಮಿಕ್ಕುವುದು. ಹನಿಯು ಗುಂಡಗೆ ನಿಲ್ಲುವುದು. ತುದಿಯಲ್ಲಿ ಒಂದು ಆಮ್ಲಜನಕವನ್ನೂ ಜಲಜನಕವನ್ನೂ ಸೇರಿಸಿದ ಥಯಾಲನ್ನು ಬಳಸಿದರೆ ಅದೇ ಹನಿಯು ಚಪ್ಪಟೆಯಾಗಿ ಹರಡುವುದು. ಎರಡು ನ್ಯಾನೋಮೀಟರ್ ದಪ್ಪದ ಹೊದಿಕೆಯ ತುದಿಯಲ್ಲಿ ಎರಡು ಪರಮಾಣುಗಳ ವ್ಯತ್ಯಾಸವನ್ನು ನೀರಿನ ಹನಿಯು ಹೇಳಿಬಿಡುತ್ತದೆ! ತಾವರೆಯೆಲೆಯ ಮೇಲಿನ ನೀರು ಇದಕ್ಕಿಂತ ಹೆಚ್ಚು ಗುಂಡಗಿರುವುದಲ್ಲ ಎಂದು ಕೇಳುವವರಿರಬಹುದು. ಆ ಎಲೆಯು ಮೇಣದ ಜೊತೆಗೆ ಅತಿ ಸೂಕ್ಷ್ಮವಾದ ಉಬ್ಬುಗಳನ್ನೂ ಪಡೆದಿದೆ. ಸಮತಲದ ಮೇಲೆ ಆ ಮಹಿಮೆ ಸಾಧ್ಯವಿಲ್ಲ.

ಎರಡನೆಯದು ಬೆಳಕು. ಒಂದು ದಿಕ್ಕಿನಲ್ಲಿ ಕಂಪಿಸುವಂತೆ ಮಾಡಿದ ಬೆಳಕನ್ನು ಓರೆಯಾಗಿ ಬಿಟ್ಟರೆ, ಪ್ರತಿಫಲಿಸಿದ ಬೆಳಕಿನ ಕಂಪನವು ಅಂಡಾಕಾರವಾಗುತ್ತದೆ. ಆ ಅಂಡಾಕೃತಿಯು ಹೊದಿಕೆಯ ದಪ್ಪವನ್ನನುಸರಿಸಿ ಬದಲಾಗುತ್ತದೆ. ಜರ್ಮನಿಯ ಡ್ರೂಡೆ ಎಂಬವರು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿಯೇ ಇದರ ಗಣಿತವನ್ನು ಕಟ್ಟಿದ್ದರು. ೧೯೪೫ರಲ್ಲಿ ರೋಥೆನ್ ಎಂಬವರು ಅದಕ್ಕೆ ಯಂತ್ರವನ್ನು ರಚಿಸಿ ‘ಎಲಿಪ್ಸೋಮೀಟರ್’ ಎಂದು ಹೆಸರಿಟ್ಟರು. ನ್ಯಾನೋಮೀಟರಿನ ಹತ್ತನೆಯ ಪಾಲಿನ ಭೇದವನ್ನೂ ಇದು ಹಿಡಿಯುತ್ತದೆ. ಬಾಲಕ್ಕೆ ಒಂದೊಂದು ಇಂಗಾಲವನ್ನು ಸೇರಿಸಿದಂತೆ ಚಿನ್ನದ ಮೇಲಿನ ಹೊದಿಕೆಯು ೦.೧೧ ನ್ಯಾನೋಮೀಟರಿನಷ್ಟು ಬೆಳೆಯಬೇಕೆಂದು ಮೇಲೆ ಹೇಳಿದ ವಾಲಿಕೆಯಿಂದ ಲೆಕ್ಕಹಾಕಬಹುದು. ಆದರೆ ಈ ಯಂತ್ರವು ಕೊಟ್ಟ ಅಂಕಿಯನ್ನು ಕಣ್ಣುಮುಚ್ಚಿ ನಂಬತಕ್ಕದ್ದಲ್ಲ. ಹೊದಿಸುವ ಮೊದಲು ಬರಿಯ ಚಿನ್ನವನ್ನು ಅಳೆದಿಟ್ಟುಕೊಳ್ಳಬೇಕು. ಬರಿಯ ಚಿನ್ನವು ಗಾಳಿಗೆ ಬಂದ ಕೆಲವೇ ನಿಮಿಷಗಳಲ್ಲಿ ಜಿಡ್ಡನ್ನು ಹಿಡಿದುಕೊಳ್ಳುವುದರಿಂದ, ತಡಮಾಡಿದವನು ಕೊಳೆಯನ್ನೂ ಚಿನ್ನವೆಂದೇ ಎಣಿಸಿ ಹೊದಿಕೆಯನ್ನು ತೆಳ್ಳಗೆ ಕಾಣುವನು. ಆದಕಾರಣ ಒಂದು ಪ್ರಮಾಣವನ್ನು ಇನ್ನೊಂದರಿಂದ ಸಮರ್ಥಿಸುವುದು ವಾಡಿಕೆ. ಬಾಲಗಳು ನೆಟ್ಟಗಿವೆಯೇ ಮುದುಡಿವೆಯೇ ಎಂಬುದನ್ನು ರಕ್ತಾತೀತ ಕಿರಣಗಳ ಹೀರಿಕೆಯಿಂದ ತಿಳಿಯುತ್ತಾರೆ.

ಮೂರನೆಯದು ಸೂಜಿ. ೧೯೮೧ರಲ್ಲಿ ಸ್ವಿಟ್ಜರ್ಲೆಂಡಿನ ಜೂರಿಕ್ ಬಳಿಯ ಐ.ಬಿ.ಎಂ. ಪ್ರಯೋಗಾಲಯದಲ್ಲಿ ಬಿನಿಗ್ ಮತ್ತು ರೋರರ್ ಎಂಬವರು, ತುದಿಯಲ್ಲಿ ಪರಮಾಣುವಿನಷ್ಟು ಚೂಪಾದ ಸೂಜಿಯನ್ನು ಮೇಲ್ಮೈಗೆ ತಾಗದಂತೆ ಅತಿ ಸಮೀಪದಲ್ಲಿ ಸರಿಸಿ, ನಡುವಣ ತೆರಪನ್ನು ದಾಟುವ ವಿದ್ಯುತ್ತನ್ನು ಅಳೆಯುವ ಯಂತ್ರವನ್ನು ಕಟ್ಟಿದರು. ೧೯೮೬ರ ನೊಬೆಲ್ ಬಹುಮಾನದಲ್ಲಿ ಪಾಲನ್ನು ಪಡೆದರು. ತೆರಪು ೦.೧ ನ್ಯಾನೋಮೀಟರ್ ಹೆಚ್ಚಿದರೆ ವಿದ್ಯುತ್ತು ಸುಮಾರು ಹತ್ತನೆಯ ಒಂದು ಪಾಲಿಗೆ ಇಳಿಯುವುದರಿಂದ ಅದರ ಸೂಕ್ಷ್ಮತೆಗೆ ಮಿತಿಯಿಲ್ಲವೆನ್ನಬೇಕು. ಅದರಿಂದ ನೋಡಿದಾಗ ಥಯಾಲಿನ ಸಾಲುಗಳು ಜೇನುಗೂಡಿನ ಕ್ರಮದಲ್ಲಿ ಕಂಡವು. ಜೊತೆಗೆ ಅಲ್ಲಲ್ಲಿ ಸಣ್ಣ ಗುಂಡಿಗಳೂ ಕಂಡು, ಹೊದಿಕೆಯಲ್ಲಿ ತೂತುಗಳಿವೆಯೆಂಬ ಸಂದೇಹ ಹುಟ್ಟಿತು. ತೂತುಗಳಿದ್ದರೆ ಇದುವರೆಗೆ ಹೇಳಿದ ಪರಿಪೂರ್ಣ ಹೊದಿಕೆಯ ಮಾತೆಲ್ಲ ಸಂಶಯಕ್ಕೊಳಗಾಗಬೇಕು. ಗುಂಡಿಗಳ ಆಳವನ್ನು ಅಳೆದಾಗ ಅದು ೦.೨೪ ನ್ಯಾನೋಮೀಟರ್, ಎಂದರೆ ಚಿನ್ನದ ಒಂದೇ ಒಂದು ಪರಮಾಣುಸಾಲಿನ ಎತ್ತರ. ಗುಂಡಿಯಿರುವುದು ಕೆಳಗಿನ ಚಿನ್ನದಲ್ಲಿ. ಹೊದಿಕೆಯು ಗುಂಡಿಯೊಳಗೂ ಇಳಿದು ಮುಚ್ಚಿಕೊಂಡಿದೆ. ಗಂಧಕವು ಬಂದು ಕೂರುವಾಗ ಚಿನ್ನದ ಪರಮಾಣುಗಳನ್ನೇ ಸ್ಥಳಬಿಡಿಸುವುದೆಂಬ ಹೊಸ ಸಂಗತಿಯೂ ಇದರಿಂದ ಹೊರಬಿದ್ದಿತು.

ಇದರಿಂದ ಪ್ರಯೋಜನವೇನೆಂದು ಕೇಳುವ ಗೃಹಸ್ಥರಿಗೆ ಎರಡು ಮೂರು ಮಾತು. ೧೯೯೩ರಲ್ಲಿ ಅಮೆರಿಕದಲ್ಲಿ ಅಮಿತ್ ಕುಮಾರ್ ಮತ್ತು ವೈಟ್‌ಸೈಡ್ಸ್ ಎಂಬವರು, ಕಚೇರಿಯ ಗುಮಾಸ್ತರು ರಬ್ಬರ್ ಮೊಹರನ್ನು ಒತ್ತುವಂತೆಯೇ, ಥಯಾಲನ್ನೇ ಶಾಯಿಯಾಗಿ ಸವರಿದ ಮೆತ್ತನೆಯ ಮೊಹರನ್ನು ಚಿನ್ನದ ಮೇಲೆ ಒತ್ತಿದರು. ಒತ್ತಿದ ಕಡೆ ಹೊದಿಕೆಯು ಚಿನ್ನವನ್ನು ಕಾಯಿತು. ಉಳಿದ ಕಡೆ ಚಿನ್ನವು ದ್ರಾವಕದಲ್ಲಿ ಕರಗಿಹೋಗಿ ಬರಿಗಣ್ಣಿಗೆ ಕಾಣದ ಗೆರೆಗಳ ಚಿತ್ರ ಉಳಿಯಿತು. ೧೯೯೦ರಿಂದ ಸ್ವೀಡನ್ನಿನ ಉಪ್ಸಾಲದಲ್ಲಿ ತಯಾರಾದ ಬಯಾಕೋರ್ ಎಂಬ ಉಪಕರಣದಲ್ಲಿ, ಔಷಧವು ಶರೀರದ ಪ್ರೋಟೀನುಗಳಿಗೆ ಎಷ್ಟು ಬಲವಾಗಿ ಅಂಟುವುದೆಂದು ಪರೀಕ್ಷಿಸುವ ಚಿನ್ನದ ಬಿಲ್ಲೆಗೆ ಇಂತಹುದೇ ಹೊದಿಕೆಯು ತಳಹದಿ.

ಚಿನ್ನದ ಮೇಲಿನ ಹೊದಿಕೆಯು ಚಿರಂಜೀವಿಯಲ್ಲ. ಗಾಳಿಯಲ್ಲಿ, ವಿಶೇಷವಾಗಿ ಓಜೋನ್ ಇರುವೆಡೆಯಲ್ಲಿ, ಗಂಧಕವು ಆಮ್ಲಜನಕದೊಡನೆ ಕೂಡಿ ತನ್ನ ಹಿಡಿತವನ್ನು ಸಡಲಿಸುತ್ತದೆ. ಆದುದರಿಂದ ಬಿಸಿಲಿಗೆ ಬೀಳತಕ್ಕ ವಸ್ತುಗಳಿಗೆ ಬೇರೆ ತಲೆಯ ಅಣುಗಳನ್ನು ಹುಡುಕಿದ್ದಾರೆ. ಲಿಥುವೇನಿಯದ ಕೌನಸ್ ಮತ್ತು ಜರ್ಮನಿಯ ಬರ್ಲಿನ್ ನಗರಗಳ ವಿದ್ವಾಂಸರು ರಂಜಕದ ತಲೆಯುಳ್ಳ ಅಣುಗಳ ಏಕಪದರವನ್ನು ಸೌರಕೋಶದೊಳಗೆ ಹೊದಿಸಿ, ೨೦೨೦ರಲ್ಲಿ ಪೆರೋವ್‌ಸ್ಕೈಟ್ ಮತ್ತು ಸಿಲಿಕಾನ್ ಎರಡನ್ನೂ ಜೋಡಿಸಿದ ಕೋಶದಿಂದ ಬಿಸಿಲಿನ ಶಕ್ತಿಯಲ್ಲಿ ನೂರಕ್ಕೆ ೨೯.೧೫ ಪಾಲನ್ನು ವಿದ್ಯುತ್ತಾಗಿ ಪಡೆದರು. ಅಂತಹ ಕೋಶವು ಮಳೆ ಬಿಸಿಲುಗಳಲ್ಲಿ ಮನೆಯ ಛಾವಣಿಯ ಮೇಲೆ ಇಪ್ಪತ್ತೈದು ವರ್ಷ ಬಾಳಬೇಕಾಗುವುದು. ಅಷ್ಟು ಕಾಲ ಆ ಒಂದು ಅಣುವಿನ ಪದರವು ಅಲುಗದೆ ನಿಲ್ಲುವಂತೆ ಮಾಡುವ ಕೆಲಸವು ಪ್ರಯೋಗಶಾಲೆಗಳಲ್ಲಿ ನಡೆಯುತ್ತಲಿದೆ.